ಊರಿನ ಪೊಲೀಸ್ ಗೌಡನ ಬದುಕು, ಮನೆತನ ಹುಡುಕುವ ದಾರಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬೆತ್ತ ಇದೆ. ಹಿಡಿಗೆ ಬೆಳ್ಳಿಯ ಕಟ್ಟು ಹಾಕಿದ್ದಾರೆ. ಅದು ಗೌಡಜ್ಜನದು. ಗೌಡಜ್ಜ ಅಂದರೆ ನನ್ನ ಮುತ್ತಜ್ಜನ ಅಪ್ಪ. ನವಲಗುಂದ ಸೀಮೆಯ ಎರೆಹೊಲದ ಒಂದು ಸಣ್ಣ ಊರಿಗೆ ಅವನು ಪೊಲೀಸ್ ಪಾಟೀಲನಾಗಿದ್ದ, ಅಂದರೆ ಊರ ಕಾವಲು ನೋಡುವ ಪೊಲೀಸ್ ಗೌಡ. ಬರದ ವರ್ಷ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ ಕದಿಯಲು ಬಂದವರನ್ನು ರಾತ್ರೋರಾತ್ರಿ ಹಿಡಿದ ಕಥೆ, ಹಳ್ಳ ತುಂಬಿ ಹರಿಯುವಾಗ ಈಜಿಕೊಂಡು ಹೋಗಿ ಠಾಣೆಗೆ ಸುದ್ದಿ ಮುಟ್ಟಿಸಿದ ಕಥೆ. ಇವನ್ನು ಕೇಳಿಕೊಂಡೇ ನಾವು ಬೆಳೆದೆವು.

ಒಂದು ದಿನ ನಮ್ಮವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ತಮ್ಮ ಅದೇ ಹಗೇವಿನ ಕಥೆಯನ್ನು ತನ್ನ ಮಕ್ಕಳಿಗೆ ಹೇಳುತ್ತಿದ್ದ. ಅವ್ವ ತಲೆ ಎತ್ತದೆ ಕೇಳಿದಳು, "ಅಷ್ಟೆಲ್ಲಾ ಗೊತ್ತೈತಿ. ಆ ಗೌಡಜ್ಜಗ ರೊಟ್ಟಿ ಬಡದು ಹಾಕಿದಾಕಿ ಹೆಸರೇನು ಹೇಳ್ರಿ ನೋಡೂಣು?"

ಯಾರಿಗೂ ಗೊತ್ತಿರಲಿಲ್ಲ.

ಆ ಒಂದು ಹೆಸರಿಗಾಗಿ ನಾನು ನಾಲ್ಕು ವರ್ಷ ಓಡಾಡಿದೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ಶುರು ಮಾಡಿದ ಕೆಲಸ ಇದು. ಓಡಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಪೊಲೀಸ್ ಗೌಡನೋ, ಊರ ಕಾವಲಿನ ವಾಲೀಕಾರನೋ, ತಳವಾರನೋ ಇದ್ದಿದ್ದರೆ ನಿಮಗೆ ಅರ್ಧ ದಾರಿಯಾದರೂ ಉಳಿಯಲಿ. ನಮ್ಮದು ಹಳೆಯ ಮುಂಬಯಿ ಪ್ರಾಂತದ ಊರು. ಹಾಗಾಗಿ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಇದು ಜಾಸ್ತಿ ಹೊಂದುತ್ತದೆ. ಹಳೆ ಮೈಸೂರು, ನಿಜಾಮರ ಸೀಮೆಯಲ್ಲಿ ಕಾಯ್ದೆ ಬೇರೆ, ಕಾಗದ ಬೇರೆ. ನಮ್ಮ ಮನೆಯವರ ಹೆಸರುಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೊಲದ ವ್ಯಾಜ್ಯ ಇನ್ನೂ ಮುಗಿದಿಲ್ಲ.

ಮೊದಲು ಅವನ ಕೆಲಸ ಏನಿತ್ತು ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರವಾಗಿ ಕಚೇರಿಗೆ ಹೋದರೆ ಏನು ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ನನಗೆ ಮೊದಲ ವರ್ಷ ಆದದ್ದು ಅದೇ.

ಊರ ಗೌಡಿಕೆ ಬ್ರಿಟಿಷರಿಗಿಂತ ಬಹಳ ಹಳೆಯದು. ಆದರೆ 'ಪೊಲೀಸ್ ಪಾಟೀಲ' ಅನ್ನುವ ಹುದ್ದೆಗೆ ಕಾಯ್ದೆಯ ಚೌಕಟ್ಟು ಕೊಟ್ಟದ್ದು 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ. ಊರಿನ ಕಾವಲು ಪೂರ್ತಿ ಅವನ ಕೈಯಲ್ಲಿ. ಕಳುವಾದರೆ, ಹೊಡೆದಾಟವಾದರೆ, ಅಪರಿಚಿತರು ಬಂದು ಇಳಿದರೆ ಮೇಲಿನವರಿಗೆ ವರದಿ ಮಾಡಬೇಕು. ಯಾರಾದರೂ ಸಂಶಯ ಬರುವಂತೆ ಸತ್ತರೆ, ಊರಿನ ತಿಳಿದವರನ್ನು ಇಬ್ಬರಾದರೂ ಕೂಡಿಸಿ ಹೆಣ ನೋಡಿ ಪಂಚನಾಮೆ ಮಾಡಬೇಕು. ಸಣ್ಣ ಬೈಗುಳ, ಬಡಿದಾಟದ ತಂಟೆಗೆ ತಾನೇ ವಿಚಾರಣೆ ಮಾಡಿ 24 ಗಂಟೆ ಚಾವಡಿಯಲ್ಲಿ ಕೂಡಿಹಾಕಬಹುದಿತ್ತು. ಕೆಲವು ಪಾಟೀಲರಿಗೆ ಮಾತ್ರ ಹೆಚ್ಚಿನ ಅಧಿಕಾರ. ಅವರು 5 ರೂಪಾಯಿವರೆಗೆ ದಂಡ ಹಾಕಬಹುದು, 48 ಗಂಟೆ ಕೂಡಿಹಾಕಬಹುದು. ನಿಮ್ಮ ಅಜ್ಜ ಯಾರನ್ನೋ ವರ್ಷಗಟ್ಟಲೆ ಜೈಲಿಗೆ ಹಾಕಿದ ಅಂತ ಮನೆಯಲ್ಲಿ ಹೇಳಿದರೆ, ಅದು ಕೋರ್ಟು ಮಾಡಿದ್ದು ಅಂತ ತಿಳಿಯಿರಿ. ಹಿಡಿದುಕೊಟ್ಟವನು ಇವನಿರಬಹುದು.

ಪೊಲೀಸ್ ಪಾಟೀಲ ಬೇರೆ, ಮುಲ್ಕಿ ಪಾಟೀಲ ಬೇರೆ. ಮುಲ್ಕಿ ಪಾಟೀಲನದು ಕಂದಾಯ ವಸೂಲಿ. ಸಣ್ಣ ಊರಿನಲ್ಲಿ ಎರಡೂ ಒಬ್ಬನೇ ಮಾಡುತ್ತಿದ್ದ, ದೊಡ್ಡ ಊರಿನಲ್ಲಿ ಇಬ್ಬರು. ಲೆಕ್ಕ ಬರೆಯಲು ಕುಲಕರ್ಣಿ. ಕಾಲಿಗೆ ಚಪ್ಪಲಿ ಸವೆಸಿ ನಿಜವಾಗಿ ಕಾವಲು ತಿರುಗಿದವರು ವಾಲೀಕಾರರು, ತಳವಾರರು. ಕಿತ್ತೂರು ಸೀಮೆಯಲ್ಲಿ ಶೇತಸನದಿಗಳೂ ಇದ್ದರು. ಅಂದರೆ ಹೊಲದ ಸನದು ಪಡೆದು ಚಾಕರಿ ಮಾಡುವವರು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ. ಇವರೆಲ್ಲರಿಗೂ ಸಂಬಳದ ಬದಲು ಅಥವಾ ಸಂಬಳದ ಜೊತೆಗೆ ವತನದ ಹೊಲ, ಅಂದರೆ ವಂಶದಿಂದ ವಂಶಕ್ಕೆ ಬರುವ ಹುದ್ದೆಗೆ ಅಂಟಿದ ಹೊಲ, ಇರುತ್ತಿತ್ತು. ಈ ಮಾತು ನೆನಪಿಡಿ. ಹೊಲ ಇದ್ದಲ್ಲಿ ಕಾಗದ ಇರುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಅಡ್ಡಹೆಸರು ಪಾಟೀಲ ಅಂತ ಇದ್ದ ಮಾತ್ರಕ್ಕೆ ಅಜ್ಜ ಹುದ್ದೆಯಲ್ಲಿದ್ದ ಅನ್ನುವಂತಿಲ್ಲ. ವತನದ ಅಣ್ಣತಮ್ಮಂದಿರೆಲ್ಲ ಆ ಹೆಸರು ಇಟ್ಟುಕೊಂಡರು. ಇನ್ನೊಂದು, ಹುದ್ದೆ ಕೆಲವು ಮನೆತನಗಳಲ್ಲಿ ಪಾಳಿಯ ಮೇಲೆ ತಿರುಗುತ್ತಿತ್ತು. ಕೆಲವು ವರ್ಷ ಈ ಮನೆ, ಆಮೇಲೆ ಆ ಮನೆ. ನಮ್ಮ ಗೌಡಜ್ಜನ ಹೆಸರು ನಡುವೆ ಮಾಯವಾಗಿ ಮತ್ತೆ ಬಂದಾಗ ಇವರು ಇಬ್ಬರು ಬೇರೆ ಬೇರೆ ಮನುಷ್ಯರು ಅಂತ ನಾನು ಆರು ತಿಂಗಳು ಗೊಂದಲದಲ್ಲಿದ್ದೆ. ಅದು ಪಾಳಿ ಅಷ್ಟೆ.

ಮನೆಯ ಹೆಣ್ಣುಮಕ್ಕಳನ್ನು ಮೊದಲು ಕೇಳಿ

ಗಂಡಸರನ್ನು ಕೇಳಿದರೆ ಹೊಲ, ಜಗಳ, ಕೋರ್ಟು ಹೇಳುತ್ತಾರೆ. ಅದೂ ಬೇಕು. ಆದರೆ ಸಂಬಂಧ ಗೊತ್ತಿರುವುದು ಹೆಣ್ಣುಮಕ್ಕಳಿಗೆ. ಯಾವ ಊರಿನಿಂದ ಹೆಣ್ಣು ತಂದರು, ಯಾವ ಊರಿಗೆ ಕೊಟ್ಟರು, ಯಾರ ಬಾಣಂತನ ಎಲ್ಲಿ ಆಯಿತು, ಎಲ್ಲವೂ ಅವರ ಬಾಯಲ್ಲಿ ಇರುತ್ತದೆ. ಎಂಬತ್ತು ದಾಟಿದ ಸೋದರತ್ತೆ, ದೊಡ್ಡವ್ವ ಯಾರಾದರೂ ಇದ್ದರೆ ಈ ವಾರವೇ ಹೋಗಿ. ಮುಂದಿನ ಹಬ್ಬಕ್ಕೆ ಹೋದರಾಯಿತು ಅನ್ನಬೇಡಿ. ನಾನು ಹಾಗೆ ಅಂದುಕೊಂಡು ಒಬ್ಬ ಸೋದರತ್ತೆಯನ್ನು ಕಳೆದುಕೊಂಡೆ. ಅವಳ ಜೊತೆ ಏನೇನು ಹೋಯಿತೋ.

"ಅಜ್ಜ ಯಾವಾಗ ಹುಟ್ಟಿದ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಬರ ಬಿದ್ದಾಗ ಅಜ್ಜ ಎಷ್ಟು ದೊಡ್ಡವ ಇದ್ದನಂತೆ?" ಅಂತ ಕೇಳಿ. 1876ರಿಂದ 78ರವರೆಗಿನ ದೊಡ್ಡ ಬರ, 1890ರ ದಶಕದ ಕೊನೆಗೆ ಹುಬ್ಬಳ್ಳಿ ಧಾರವಾಡ ಕಡೆ ಬಂದ ಪ್ಲೇಗು, ಇವು ನೆನಪಿನ ಗೂಟಗಳು. ಪ್ಲೇಗಿನಾಗ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿದ್ದರು ಅನ್ನುವ ಮಾತು ಬಹಳ ಮನೆಗಳಲ್ಲಿ ಉಳಿದಿದೆ. ಸಂವತ್ಸರದ ಹೆಸರು ಹೇಳಿದರೆ ತಕ್ಷಣ ಬರೆದುಕೊಳ್ಳಿ. ಧಾತು ಸಂವತ್ಸರ ಅಂದರೆ 1876-77, ಈಶ್ವರ ಅಂದರೆ ಅದರ ಮುಂದಿನದು. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, ಹಾಗಾಗಿ ಬೇರೆ ಒಂದು ಗುರುತು ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಹಿರಿಯರು 'ನರಗುಂದದ ಬಂಡಾಯ' ಅಂದರೆ ಯಾವುದು ಅಂತ ಬಿಡಿಸಿ ಕೇಳಿ. ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ಮೇಲೆ ಎದ್ದದ್ದು 1858ರಲ್ಲಿ. ರೈತರು ನರಗುಂದ, ನವಲಗುಂದದಲ್ಲಿ ಎದ್ದದ್ದು 1980ರ ಜುಲೈನಲ್ಲಿ. ಎರಡಕ್ಕೂ ಒಂದೇ ಹೆಸರು. ನಮ್ಮ ಚಿಕ್ಕಪ್ಪ ಹೇಳಿದ ಒಂದು ಗೋಲಿಬಾರಿನ ಮಾತನ್ನು ನಾನು ಗೌಡಜ್ಜನ ಕಾಲದ್ದು ಅಂತ ಬರೆದುಕೊಂಡಿದ್ದೆ. ಅದು ಅವರೇ ಕಣ್ಣಾರೆ ಕಂಡದ್ದಾಗಿತ್ತು.

ಇನ್ನು ಹೆಸರು ಹುಡುಕುವ ಒಂದು ದಾರಿ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು, ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುವ ರೂಢಿ. ಹಾಗಾಗಿ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಲ್ಲ ಅಣ್ಣತಮ್ಮಂದಿರ ಮನೆಗಳ ಹೆಣ್ಣುಮಕ್ಕಳ ಹೆಸರನ್ನು ಮೂರು ತಲೆಮಾರು ಬರೆಯಿರಿ. ಕೊಟ್ಟ ಮನೆಗಳಿಗೂ ಫೋನು ಮಾಡಿ ಕೇಳಿ. ನಾನು ಹೀಗೆ ಬರೆದಾಗ ಒಂದು ಹೆಸರು ನಾಲ್ಕು ಮನೆಗಳಲ್ಲಿ ಬಂತು. ಗೌಡಜ್ಜನ ಮೊಮ್ಮಕ್ಕಳ ಸಾಲಿನಲ್ಲೇ ಬಂತು. ಆ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ಇದು ಅಂದಾಜು ಅಷ್ಟೆ, ಮನೆದೇವರ ಹೆಸರೂ ಹೀಗೆ ಎಲ್ಲ ಮನೆಗಳಲ್ಲಿ ಇರುತ್ತದೆ. ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಮುಂದೆ ನಡೆದೆ.

ಅಟ್ಟದ ಮೇಲಿನ ಪಾತ್ರೆಗಳನ್ನೂ ಕೆಳಗೆ ಇಳಿಸಿ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಚು ನೋಡಿ. ತವರಿನಿಂದ ಬಂದ ಹಂಡೆ, ತಪ್ಪೇಲಿ, ಕೊಡಗಳ ಮೇಲೆ ಹೆಣ್ಣುಮಕ್ಕಳ ಹೆಸರು, ತವರೂರಿನ ಹೆಸರು ಕೊರೆಸಿರುತ್ತಾರೆ. ನಮ್ಮಲ್ಲಿ ಮುತ್ತಜ್ಜಿಯ ತವರು ಗೊತ್ತಾದದ್ದು ಒಂದು ತಾಮ್ರದ ಹಂಡೆಯಿಂದ. ಅವಳ ಅತ್ತೆಯದು ಏನೂ ಸಿಗಲಿಲ್ಲ. ಬರದಲ್ಲಿ ತಾಮ್ರ ಮಾರಿದ್ದಿರಬೇಕು.

ಹೊಲಗಳ ಹೆಸರನ್ನೂ ಬರೆದುಕೊಳ್ಳಿ. ಗೌಡಕಿ ಹೊಲ, ವಾಲೀಕಾರಕಿ ಹೊಲ, ತಳವಾರಕಿ ಹೊಲ ಅನ್ನುವ ಹೆಸರುಗಳು ಇನ್ನೂ ಬಾಯಲ್ಲಿವೆ. ಹೊಲದ ಹೆಸರು ಸಿಕ್ಕರೆ ಸರ್ವೆ ನಂಬರು ಸಿಗುತ್ತದೆ. ಸರ್ವೆ ನಂಬರು ಸಿಕ್ಕರೆ ಕಚೇರಿಯ ಬಾಗಿಲು ತೆರೆಯುತ್ತದೆ.

ಹೆಳವರು ಬಂದಾಗ

ನಮ್ಮ ಕಡೆ ಇರುವ ಭಾಗ್ಯ ಇದು. ಹೆಳವರು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಸುಗ್ಗಿಯ ನಂತರ ಬರುತ್ತಿದ್ದರು. ಊರ ಹೊರಗೆ ಬಿಡಾರ ಹೂಡಿ ಒಂದೊಂದೇ ಮನೆಯ ಮುಂದೆ ನಿಂತು ಹಿರಿಯರ ಹೆಸರುಗಳನ್ನು ಹಾಡಿದಂತೆ ಹೇಳುತ್ತಿದ್ದರು. ಈಗ ಬೈಕಿನ ಮೇಲೆ, ಟೆಂಪೋದಲ್ಲಿ ಬರುತ್ತಾರೆ. ಪುಸ್ತಕ ಮಾತ್ರ ಬಟ್ಟೆಯಲ್ಲಿ ಸುತ್ತಿಕೊಂಡೇ ಇರುತ್ತದೆ.

ಎಲ್ಲ ಹೆಳವರ ಹತ್ತಿರ ಎಲ್ಲ ಮನೆಗಳ ಪುಸ್ತಕ ಇರುವುದಿಲ್ಲ. ಯಾವ ಮನೆತನ ಯಾವ ಹೆಳವರಿಗೆ ಸೇರಿದ್ದು ಅನ್ನುವುದು ಅವರವರಲ್ಲಿ ಹಂಚಿಕೆಯಾಗಿದೆ. ಹಾಗಾಗಿ "ನಮ್ಮ ಹೆಳವರು ಯಾವ ಊರಿನವರು, ಹಿಂದೆ ಯಾವಾಗ ಬಂದಿದ್ದರು" ಅಂತ ಅಣ್ಣತಮ್ಮಂದಿರ ಮನೆಗಳಲ್ಲಿ ವಿಚಾರಿಸಿ. ಯಾರ ಹತ್ತಿರವಾದರೂ ಫೋನ್ ನಂಬರು ಇರುತ್ತದೆ. ನಮ್ಮವರು ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ನಾನು ಫೋನು ಮಾಡಿ, ಸಂಕ್ರಾಂತಿ ಆದ ಮೇಲೆ ಬರುತ್ತೇವೆ ಅಂತ ಮಾತು ತೆಗೆದುಕೊಂಡು ಕಾದೆ.

ಅವರು ಓದಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ. ಮೊದಲು ಮನೆದೇವರು, ಬೆಡಗು ಅಂದರೆ ಕುಲದ ಒಳಗುಂಪು, ಮೂಲಪುರುಷ, ಯಾವ ಊರಿನಿಂದ ಎದ್ದು ಬಂದರು ಅನ್ನುವುದು. ಆಮೇಲೆ ಅವನಿಗೆ ಇಷ್ಟು ಮಕ್ಕಳು, ಅವರಲ್ಲಿ ಇಂಥವನಿಗೆ ಇಂಥವರು ಅಂತ ಹೊಳೆಯ ಹಾಗೆ ಹರಿಯುತ್ತದೆ. ತಡೆದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಪುಸ್ತಕದ ಫೋಟೋ ತೆಗೆಯುತ್ತೇನೆ ಅಂತ ಹಟ ಹಿಡಿಯಬೇಡಿ. ಅದು ಅವರ ಅನ್ನ. ಕಾಳು, ಬಟ್ಟೆ, ದುಡ್ಡು ಕೊಡುವುದನ್ನು ಭಿಕ್ಷೆ ಅಂತ ತಿಳಿದುಕೊಂಡು ಕೊಡಬೇಡಿ. ಅವರು ಇಲ್ಲದಿದ್ದರೆ ನಮಗೆ ಮುತ್ತಜ್ಜನ ಆಚೆ ಕತ್ತಲೆಯೇ.

ನಿಮ್ಮ ಮನೆಯ ಕವಲು ಮಾತ್ರ ಓದಿಸಿ ನಿಲ್ಲಿಸಬೇಡಿ. ಮುರಿದುಹೋದ ಕವಲು, ಊರು ಬಿಟ್ಟು ಹೋದ ಕವಲು, ದತ್ತಕ ಹೋದವರು, ಎಲ್ಲವನ್ನೂ ಕೇಳಿ. ನಮ್ಮ ಗೌಡಜ್ಜನಿಗೆ ಒಬ್ಬ ತಮ್ಮ ಇದ್ದ, ಬರದ ವರ್ಷ ಊರು ಬಿಟ್ಟು ಹೋದ, ತಿರುಗಿ ಬರಲಿಲ್ಲ ಅನ್ನುವುದು ನಮಗೆ ತಿಳಿದದ್ದು ಅವತ್ತೇ. ಕಥೆಗಳಲ್ಲಿ ಆ ತಮ್ಮನ ಸುಳಿವೇ ಇರಲಿಲ್ಲ. ಊರನ್ನೆಲ್ಲ ಕಾಯ್ದ ಗೌಡಜ್ಜ ತನ್ನ ತಮ್ಮನನ್ನು ಕಳೆದುಕೊಂಡಿದ್ದ.

ಹೆಳವರು ಹನ್ನೊಂದು ತಲೆಮಾರು ಓದಿದರು. ಒಂದೇ ಒಂದು ಹೆಣ್ಣಿನ ಹೆಸರು ಬರಲಿಲ್ಲ. ನಾನು ಕೇಳಿದೆ. ಅವರು ನಾಚಿಕೊಂಡರು. "ಹೆಣ್ಣಮಕ್ಕಳದು ಬರಿಯೂದು ಕಡಿಮಿ ರೀ ಅಕ್ಕಾರ. ಕೊಟ್ಟ ಮ್ಯಾಲ ಆ ಮನಿಯವರು." ಅವರ ಅಜ್ಜನೂ ಬರೆದಿರಲಿಲ್ಲ, ಇವರೂ ಬರೆದಿಲ್ಲ. ಆದರೆ ಒಂದು ಉಪಾಯ ಅವರೇ ಹೇಳಿಕೊಟ್ಟರು. ತವರು ಗೊತ್ತಾದರೆ ಆ ಮನೆತನದ ಹೆಳವರನ್ನು ಹಿಡಿಯಬಹುದು. ಕೆಲವು ಪುಸ್ತಕಗಳಲ್ಲಿ 'ಮಗಳನ್ನು ಇಂಥ ಊರ ಗೌಡರಿಗೆ ಕೊಟ್ಟರು' ಅಂತ ಒಂದು ಸಾಲು ಇರುತ್ತದಂತೆ. ನನಗೆ ತವರೇ ಗೊತ್ತಿರಲಿಲ್ಲ.

ತಳವಾರರ ಮನೆಗೂ ಹೋಗಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನೂ ಮೂರನೇ ವರ್ಷಕ್ಕೆ ಹೋದೆ, ತಡವಾಗಿ. ರಾತ್ರಿ ಊರು ಸುತ್ತಿದವರು, ಕಳ್ಳನ ಹೆಜ್ಜೆ ಹಿಡಿದು ಹೋದವರು, ಕೈದಿಯನ್ನು ತಾಲೂಕಿಗೆ ನಡೆಸಿಕೊಂಡು ಹೋದವರು ಅವರ ಹಿರಿಯರು. ಹಗೇವಿನ ಕಳ್ಳರನ್ನು ಹಿಡಿದದ್ದು ತಮ್ಮ ಮುತ್ತಜ್ಜ ಅಂತ ಅವರ ಮನೆಯಲ್ಲಿ ಹೇಳುತ್ತಾರೆ. ಗೌಡಜ್ಜ ಚಾವಡಿಯಲ್ಲಿ ಇದ್ದನಂತೆ. ನನಗೆ ಅದೇ ನಿಜ ಅನಿಸುತ್ತದೆ.

ಇನ್ನೂ ಒಂದು ಮಾತು ಹೇಳಿದರು, ಹೇಳಲು ಹಿಂದೆ ಮುಂದೆ ನೋಡಿ. ಬಿಟ್ಟಿ ಚಾಕರಿಗೆ ಬರದ ಒಬ್ಬನನ್ನು ಗೌಡಜ್ಜ ಚಾವಡಿಯ ಕಂಬಕ್ಕೆ ಕಟ್ಟಿಸಿದ್ದನಂತೆ. ನನ್ನ ತಮ್ಮ ಇದನ್ನು ಬರೆಯಬೇಡ ಅಂದ. ನಾನು ಬರೆದೆ. ಯಾರು ಹೇಳಿದರು, ಯಾವತ್ತು ಹೇಳಿದರು ಅನ್ನುವುದನ್ನೂ ಬರೆದೆ. ನೀವೂ ಹಾಗೇ ಮಾಡಿ. ಒಳ್ಳೆಯದನ್ನಷ್ಟೇ ಬರೆದರೆ ಮೊಮ್ಮಕ್ಕಳಿಗೆ ಬೆತ್ತ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ.

ಕಚೇರಿಯಲ್ಲಿ ಏನು ಕೇಳಬೇಕು

ಹೊಸದರಿಂದ ಹಳೆಯದಕ್ಕೆ ಹೋಗಿ. ಇವತ್ತಿನ ಪಹಣಿಯಿಂದ ಶುರು ಮಾಡಿ, ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ ತೆಗೆಸಿ. ಅದರಲ್ಲಿ ಹಕ್ಕು ಬದಲಾದ ನಂಬರುಗಳು ಇರುತ್ತವೆ. ಒಂದೊಂದು ನಂಬರಿನ ವರ್ದಿಯನ್ನೂ, ಅಂದರೆ ಹಕ್ಕು ಯಾಕೆ ಬದಲಾಯಿತು ಅನ್ನುವ ಟಿಪ್ಪಣಿಯನ್ನೂ, ಬೇರೆ ಬೇರೆಯಾಗಿ ಕೇಳಿ. 'ಇಂಥವನು ಸತ್ತ, ವಾರಸುದಾರರು ಇಂಥವರು' ಅಂತ ಬರೆದಿರುವ ಸಾಲೇ ನಮಗೆ ಬೇಕಾದದ್ದು. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆ ಬರೆಯುವ ಪದ್ಧತಿ 1903ರ ಕಾಯ್ದೆಯಿಂದ ಬಂತು. ಹಾಗಾಗಿ ಈ ದಾರಿಯಲ್ಲಿ ಇಪ್ಪತ್ತನೇ ಶತಮಾನದ ಶುರುವಿನವರೆಗೆ ಹೋಗಬಹುದು. ಅದರ ಹಿಂದೆ ಸರ್ವೆಯ ಆಕಾರಬಂದ್ ಇದೆ. ಧಾರವಾಡ ಸೀಮೆಯ ಮೊದಲ ಸರ್ವೆ 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಕೈಕೆಳಗೆ ನಡೆಯಿತು. ಆಕಾರಬಂದ್‌ನಲ್ಲಿ ಎಕರೆ, ಗುಂಟೆ, ಆಕಾರ ಅಂದರೆ ಕಂದಾಯದ ಮೊತ್ತ ಸಿಗುತ್ತದೆ. ಮನೆಯವರ ಬಗ್ಗೆ ಏನೂ ಸಿಗುವುದಿಲ್ಲ.

ವತನದ ಮನೆತನಗಳಿಗೆ ಒಂದು ವಿಶೇಷ ಅನುಕೂಲ ಇದೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಗೌಡಕಿ, ವಾಲೀಕಾರಕಿ ಎಲ್ಲ ಹೋಯಿತು. ಹೊಲ ಸರ್ಕಾರಕ್ಕೆ ಸೇರಿತು. ಆಮೇಲೆ ಅರ್ಜಿ ಹಾಕಿ, ದುಡ್ಡು ತುಂಬಿ, ಅದೇ ಹೊಲವನ್ನು ಮರಳಿ ಮಂಜೂರು ಮಾಡಿಸಿಕೊಳ್ಳಬೇಕಾಯಿತು. ಆ ಮರುಮಂಜೂರಿಯ ಫೈಲುಗಳು ಚಿನ್ನ. ತಾನು ವತನದಾರನ ವಂಶದವನು ಅಂತ ತೋರಿಸಲು ಪ್ರತಿಯೊಬ್ಬನೂ ವಂಶಾವಳಿ ಕೊಟ್ಟಿದ್ದಾನೆ. ಅಣ್ಣತಮ್ಮಂದಿರು ತಕರಾರು ಹಾಕಿದ್ದಾರೆ. ತಕರಾರು ಇದ್ದಷ್ಟೂ ನಮಗೆ ಒಳ್ಳೆಯದು, ಯಾಕೆಂದರೆ ಇಬ್ಬರೂ ಹಳೆ ಕಾಗದ ತಂದು ಹಚ್ಚಿರುತ್ತಾರೆ. ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಊರ ಹೆಸರು, ಸರ್ವೆ ನಂಬರು ಬರೆದು 'ವತನ ಜಮೀನು ಮರುಮಂಜೂರಿ ಕಡತ' ಅಂತ ಕೇಳಿ. ಸಿಗದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ.

ಒಂದು ಕಚೇರಿಯಲ್ಲಿ ನನಗೆ, "ಇದೆಲ್ಲಾ ನಿಮಗ್ಯಾಕೆ ಬೇಕು ಮೇಡಂ, ಮನೆಯ ಗಂಡಸರನ್ನು ಕಳಿಸಿ" ಅಂದರು. ಅವತ್ತು ಬಸ್ಸಿನಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು. ಮರುವಾರ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 40 ಪುಟ ಕೊಟ್ಟರು. ಹೆಣ್ಣುಮಕ್ಕಳೇ, ಸುಮ್ನೆ ತಿರುಗಿ ಬರಬೇಡಿ.

ಮಾನಪಾನದ ಜಗಳಗಳನ್ನೂ ಹುಡುಕಿ. ಕಾರಹುಣ್ಣಿಮೆಗೆ ಯಾರ ಎತ್ತು ಮೊದಲು ಕರಿ ಹರಿಯಬೇಕು, ಹೋಳಿಗೆ ಯಾರು ಮೊದಲು ಬೆಂಕಿ ಇಡಬೇಕು, ಬನ್ನಿಗೆ ಯಾರ ಪೂಜೆ ಮೊದಲು, ಇಂಥದ್ದಕ್ಕೆ ಗೌಡಮನೆತನಗಳು ಕೋರ್ಟಿನವರೆಗೆ ಹೋಗಿವೆ. ಮುಂಬಯಿ ಹೈಕೋರ್ಟಿಗೆ ಹೋದ ವತನದ ದಾವೆಗಳಲ್ಲಿ ಕೆಲವು 1876ರಿಂದ ಶುರುವಾದ ಅಚ್ಚಾದ ತೀರ್ಪುಗಳ ಸರಣಿಯಲ್ಲಿವೆ. ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ನೋಡಬಹುದು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ಕಚೇರಿ ಇದೆ. ಪುಣೆ, ಮುಂಬಯಿಯ ಪತ್ರಾಗಾರಗಳಲ್ಲಿ ನಮ್ಮ ಸೀಮೆಯ ಬಹಳ ಕಾಗದಗಳಿವೆ. ಪುಣೆಯಲ್ಲಿ ಅವು ರುಮಾಲಿನಲ್ಲಿ ಕಟ್ಟಿದ ಗಂಟುಗಳು. ಹೋಗುವ ಮುಂಚೆ ಊರು, ತಾಲೂಕು, ಅಂದಾಜು ವರ್ಷ ಬರೆದುಕೊಂಡು ಹೋಗಿ. ಅಲ್ಲಿ ಹೋಗಿ ಯೋಚನೆ ಮಾಡುತ್ತೇನೆ ಅಂದರೆ ದಿನ ಹೋಗುತ್ತದೆ.

ಮೋಡಿ, ಫಸಲಿ, ಕೋಂ

ಹಳೆ ಕಾಗದ ಕೈಗೆ ಬಂದಾಗ ಎದೆ ಒಡೆಯಬೇಡಿ. ಬಹಳ ಸಲ ಅದು ಕನ್ನಡ ಇರುವುದಿಲ್ಲ. ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಮೇಲೊಂದು ಗೆರೆ ಎಳೆದು ಅದರ ಕೆಳಗೆ ಕೈ ಎತ್ತದೆ ಬರೆದ ಅಕ್ಷರ. ಪದಗಳ ನಡುವೆ ಜಾಗ ಇಲ್ಲ, ಹ್ರಸ್ವ ದೀರ್ಘ ಭೇದ ಇಲ್ಲ. ಮೋಡಿ ಓದುವವರು ಇದ್ದಾರೆ, ದುಡ್ಡು ತೆಗೆದುಕೊಂಡು ಓದಿಕೊಡುತ್ತಾರೆ. ಆದರೆ ಕನ್ನಡ ಬಾರದವರು ನಮ್ಮ ಹೆಸರುಗಳನ್ನು ತಪ್ಪು ಓದುತ್ತಾರೆ. ಬಸಪ್ಪ ಅನ್ನುವುದು ಬಸಾಪಾ ಆಗಿರುತ್ತದೆ. ನನಗೆ ಮೊದಲು ಓದಿಕೊಟ್ಟವರು ನಮ್ಮ ಊರಿನ ಹೆಸರನ್ನೇ ಬೇರೆ ಊರು ಮಾಡಿದ್ದರು. ಆಮೇಲೆ ನಾನೇ ಅಕ್ಷರ ಕಲಿತೆ. ದಿನಕ್ಕೆ ಒಂದು ತಾಸು, ನಾಲ್ಕು ತಿಂಗಳು. ಪೂರ್ತಿ ಓದಲು ಇವತ್ತಿಗೂ ಬರುವುದಿಲ್ಲ. ನಮ್ಮವರ ಹೆಸರು, ಊರು, ಅಂಕಿ ಗುರುತಿಸಲು ಬರುತ್ತದೆ. ಅಷ್ಟು ಸಾಕು, ಉಳಿದದ್ದನ್ನು ಬಲ್ಲವರ ಜೊತೆ ಕೂತು ಓದಬಹುದು.

ಹಳೆ ವರ್ಷವನ್ನು ಇಸವಿಗೆ ತರುವ ಲೆಕ್ಕ ಹೀಗೆ. ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಿ. ಶಕೆಗೆ 78 ಕೂಡಿಸಿ. ಇನ್ನೂ ಹಳೆಯ ಕಾಗದದಲ್ಲಿ ಸುಹೂರ್ ಸನ್ ಅನ್ನುವ ವರ್ಷಗಣನೆ ಇದ್ದರೆ ಸುಮಾರು 600 ಕೂಡಿಸಿ. ಫಸಲಿ ವರ್ಷ ಮೃಗಶಿರಾ ಮಳೆಯ ಹೊತ್ತಿಗೆ, ಜೂನ್ ಶುರುವಿಗೆ ತಿರುಗುತ್ತದೆ. ಹಾಗಾಗಿ ಒಂದು ವರ್ಷ ಆಚೆ ಈಚೆ ಆಗಬಹುದು.

ಎರಡು ಸಣ್ಣ ಪದಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ. 'ಬಿನ್' ಅಂದರೆ ಇಂಥವನ ಮಗ. 'ಕೋಂ' ಅಂದರೆ ಇಂಥವನ ಹೆಂಡತಿ. ನೂರು 'ಬಿನ್' ಬಂದ ಮೇಲೆ ಒಂದು 'ಕೋಂ' ಬರುತ್ತದೆ. ನಾನು ಹುಡುಕುತ್ತಿದ್ದದ್ದು ಅದೇ ಪದವನ್ನು.

ಸಹಿಯ ಜಾಗವನ್ನೂ ನೋಡಿ. ಓದು ಬರಹ ಬಾರದವರು ಗುರುತು ಹಾಕಿಸುತ್ತಿದ್ದರು. ಗೌಡನದು ನೇಗಿಲಿನ ಗುರುತು. ಪಕ್ಕದಲ್ಲಿ 'ನಿಶಾನಿ ನಾಂಗರ' ಅಂತ ಬರೆದಿರುತ್ತದೆ. ನಮ್ಮ ಗೌಡಜ್ಜನ ನೇಗಿಲು ನನಗೆ ಮೂರು ಕಾಗದಗಳಲ್ಲಿ ಸಿಕ್ಕಿತು. ಒಂದು ಕಡೆ ಮಸಿ ಹರಡಿ ಮೇಳಿ ಅಳಿಸಿಹೋಗಿದೆ. ಅಷ್ಟು ಕಥೆ ಕೇಳಿದ್ದೆ, ಆದರೆ ಅವನಿಗೆ ಬರೆಯಲು ಬರುತ್ತಿರಲಿಲ್ಲ ಅನ್ನುವುದು ಅವತ್ತೇ ತಿಳಿದದ್ದು.

ವಿಧವೆಯ ಕಾಗದ ಎಲ್ಲಿರುತ್ತದೆ

1874ರಲ್ಲಿ ವತನದ ಕಾಯ್ದೆ ಬಂತು. ಯಾರು ವತನದಾರ, ಯಾರು ಚಾಕರಿ ಮಾಡಬೇಕು ಅನ್ನುವುದನ್ನು ಕಲೆಕ್ಟರ್ ಕಚೇರಿ ದಾಖಲೆ ಮಾಡತೊಡಗಿತು. 1886ರಲ್ಲಿ ಅದಕ್ಕೆ ಒಂದು ತಿದ್ದುಪಡಿ ಮಾಡಿದರು. ವತನದ ವಾರಸಿನಲ್ಲಿ ಮನೆತನದ ಗಂಡಸರೆಲ್ಲ ಮುಗಿದ ಮೇಲೆಯೇ ಹೆಣ್ಣುಮಕ್ಕಳ ಸರದಿ ಅಂತ. ಮಗಳಿದ್ದರೂ ದೂರದ ದಾಯಾದಿಗೆ ಹೋಗುತ್ತಿತ್ತು. ಇದನ್ನು ಓದಿದಾಗ ನನಗೆ ಹೆಳವರ ಪುಸ್ತಕ ನೆನಪಾಯಿತು. ಪುಸ್ತಕದಲ್ಲಿ ಹೆಸರಿಲ್ಲ, ಕಾಯ್ದೆಯಲ್ಲಿ ಪಾಲಿಲ್ಲ. ಆದರೆ ಆ ತಿದ್ದುಪಡಿಯ ಕಟ್ಟು ಒಬ್ಬಳಿಗೆ ಮಾತ್ರ ತಟ್ಟಲಿಲ್ಲ. ಕೊನೆಯ ಗಂಡು ವತನದಾರನ ವಿಧವೆ. ಅವಳ ಹಕ್ಕು ಉಳಿಯಿತು.

ಹಾಗಾಗಿ ನಿಮ್ಮ ಅಜ್ಜ ಮಕ್ಕಳು ಸಣ್ಣವರಿದ್ದಾಗ ಸತ್ತಿದ್ದರೆ, ಅವನು ಸತ್ತ ವರ್ಷದ ಹಿಂದೆ ಮುಂದೆ ಐದು ವರ್ಷದ ವತನದ ಕಾಗದ ಪೂರ್ತಿ ನೋಡಿ. ಹುದ್ದೆ ಖಾಲಿ ಬಿಡುವಂತಿಲ್ಲ. ಹೆಂಡತಿಯೋ ಅಪ್ರಾಪ್ತ ಮಗನೋ ಇದ್ದರೆ ಅವರ ಪರವಾಗಿ ಇನ್ನೊಬ್ಬ ಚಾಕರಿ ಮಾಡಬೇಕು. ಅದಕ್ಕೆ ಮನೆಯ ಹೆಣ್ಣುಮಗಳ ಹೇಳಿಕೆ ಬೇಕಾಗುತ್ತದೆ.

ನಮ್ಮ ಮುತ್ತಜ್ಜ ಅಪ್ಪನನ್ನು ಸಣ್ಣವನಿದ್ದಾಗಲೇ ಕಳೆದುಕೊಂಡಿದ್ದ ಅಂತ ದೊಡ್ಡವ್ವ ಹೇಳಿದ್ದಳು. ಆ ಒಂದು ಮಾತು ಹಿಡಿದು ಹುಡುಕಿದೆ. ಮರುಮಂಜೂರಿಯ ಫೈಲಿನಲ್ಲಿ ದಾಯಾದಿಗಳು ತಕರಾರಿಗೆ ಹಚ್ಚಿದ್ದ ಹಳೆಯ ನಕಲುಗಳ ನಡುವೆ ಅದು ಇತ್ತು. ಫಸಲಿ 1297. ಅಂದರೆ 1887-88. ಒಂದೂವರೆ ಪುಟದ ಜಬಾನಿ, ಅಂದರೆ ಬಾಯಿಹೇಳಿಕೆ. ನನ್ನ ಗಂಡ ತೀರಿಕೊಂಡಿದ್ದಾನೆ, ಮಗನಿಗೆ ಒಂಬತ್ತು ವರ್ಷ, ಅವನು ದೊಡ್ಡವನಾಗುವವರೆಗೆ ಚಾಕರಿಗೆ ನಮ್ಮ ಮೈದುನ ಬೇಡ, ಬೇರೆಯವರನ್ನು ನೇಮಿಸಬೇಕು. ಮೈದುನ ಯಾಕೆ ಬೇಡ ಅಂತ ಅವಳು ಹೇಳಿಲ್ಲ. ಹೆಳವರ ಪುಸ್ತಕದಲ್ಲಿ ದಾಯಾದಿ ಮೈದುನರು ಇನ್ನಿಬ್ಬರಿದ್ದಾರೆ. ಹೊಲ ಎಲ್ಲಿ ಹೋಗುತ್ತದೋ ಅಂತ ಹೆದರಿದ್ದಳು ಅಂತ ನಾನು ಅಂದುಕೊಂಡಿದ್ದೇನೆ.

ಮೊದಲ ಸಾಲಿನಲ್ಲಿ ಅವಳ ಹೆಸರು, ಆಮೇಲೆ 'ಕೋಂ', ಆಮೇಲೆ ಗೌಡಜ್ಜನ ಹೆಸರು. ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಹೆಸರೇ. ಕೆಳಗೆ ಸಹಿಯ ಜಾಗದಲ್ಲಿ ಒಂದು ಸಣ್ಣ ದುಂಡನೆಯ ಗೆರೆ. ಪಕ್ಕದಲ್ಲಿ 'ನಿಶಾನಿ ಬಾಂಗಡಿ'. ಬಳೆಯ ಗುರುತು. ಗಂಡ ಸತ್ತ ಮೇಲೂ ಕಾಗದದ ಮೇಲೆ ಹೆಣ್ಣಿನ ಗುರುತು ಬಳೆಯೇ.

ಇಂಥದ್ದು ಸಿಕ್ಕ ದಿನವೇ ಮೂರು ಕೆಲಸ ಮಾಡಿ. ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಕಡತದ ನಂಬರು, ಪುಟದ ನಂಬರು ಬರೆದುಕೊಳ್ಳಿ, ಇಲ್ಲದಿದ್ದರೆ ಮತ್ತೆ ಸಿಗುವುದಿಲ್ಲ. ಕನ್ನಡದಲ್ಲಿ ಪೂರ್ತಿ ಬರೆದು ಮನೆಯಲ್ಲಿ ನಾಲ್ಕು ಜನರಿಗೆ ಕೊಡಿ. ಅವ್ವನಿಗೆ ನಾನು ಅವತ್ತು ರಾತ್ರಿಯೇ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು. "ಮೈದುನ ಬ್ಯಾಡ ಅಂದಳಾ? ಚಾವಡಿಗೆ ಹೋಗಿ ಅಂದಳಾ?" ಅಂತ ಕೇಳಿದಳು.

ಈ ವರ್ಷ ಹೆಳವರು ಮತ್ತೆ ಬಂದಿದ್ದರು. ಜಬಾನಿಯ ಕನ್ನಡ ಪ್ರತಿ ತೋರಿಸಿ, ಅವಳ ಹೆಸರನ್ನು ಪುಸ್ತಕದಲ್ಲಿ ಏರಿಸಿ ಅಂದೆ. ಅವಳ ಜೊತೆ ನನಗೆ ಗೊತ್ತಾದ ಎಲ್ಲ ಹೆಣ್ಣುಮಕ್ಕಳದೂ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟದ ಅಂಚಿನಲ್ಲಿ ಜಾಗ ಸಾಲುವುದಿಲ್ಲ, ಹೊಸ ಪುಟ ಹಚ್ಚಬೇಕಾಗುತ್ತದೆ ಅಂದರು. ಹಚ್ಚಿ ಅಂದೆ. ಒಂದು ಚೀಲ ಜೋಳ, ಒಂದು ಚಾದರ ಕೊಟ್ಟೆವು. ಸಂಜೆಯವರೆಗೆ ಕೂತು ಹದಿನೇಳು ಹೆಸರು ಬರೆದರು. ಹೋಗುವ ಮುಂಚೆ ಬಾಗಿಲ ಮುಂದೆ ನಿಂತು ಒಮ್ಮೆ ಓದಿದರು, ಗೌಡಜ್ಜನ ಹೆಸರಿನ ಜೊತೆ ಅವಳ ಹೆಸರನ್ನೂ ಸೇರಿಸಿ, ಅದೇ ಹಾಡಿನ ಧಾಟಿಯಲ್ಲಿ.